ಅಳತೆಗಣ್ಣು

ಆಸ್ಪತ್ರೆಯ ಹಿಂಭಾಗದಲ್ಲಿ, ಬಟ್ಟೆ ಒಗೆಯುವ ಕೋಣೆಯ ಮಗ್ಗುಲಲ್ಲಿ ತಲೆಸುತ್ತಿನ ಲ್ಯಾಬು ಇತ್ತು. ಬಾಗಿಲ ಮೇಲೆ ಅದರ ಹೆಸರನ್ನು ಎರಡು ಸಾಲು ಉದ್ದಕ್ಕೆ ಬರೆಸಿದ್ದರು. ಅಲ್ಲಿಗೆ ಬರುವವರು ಅದನ್ನು ಓದುವ ಸ್ಥಿತಿಯಲ್ಲಿರುತ್ತಿರಲಿಲ್ಲ ಅನ್ನುವುದು ಬೇರೆ ಮಾತು. ಗೋಡೆ ಹಿಡಿದು ಬರುವವರು, ಹೆಂಡತಿಯ ಹೆಗಲು ಹಿಡಿದು ಬರುವವರು, ನೆಲವನ್ನೇ ನಂಬದೆ ಕಾಲಿಡುವವರು. ಅವರನ್ನೆಲ್ಲ ಕುರ್ಚಿಯಲ್ಲಿ ಕೂರಿಸಿ, ಎರಡೂ ಅಂಗೈಯಲ್ಲಿ ತಲೆ ಹಿಡಿದು, "ನನ್ನ ಮೂಗು ನೋಡಿ, ಏನೇ ಆಗಲಿ ಮೂಗನ್ನೇ ನೋಡ್ತಿರಿ" ಅಂತ ದಿನವಿಡೀ ಹೇಳುತ್ತಿದ್ದವಳಿಗೆ ಮೂಗು ಮೇಡಂ ಅಂತ ಹೆಸರು ಬಿದ್ದಿತ್ತು. ಬೀಳದೆ ಇರುತ್ತದೆಯೇ? ಊರಿನಲ್ಲಿ ಇನ್ನಾರ ಮೂಗನ್ನೂ ಇಷ್ಟು ಜನ ಇಷ್ಟು ಹತ್ತಿರದಿಂದ ನೋಡಿರಲಿಕ್ಕಿಲ್ಲ. ಆದರೆ ಅವರಲ್ಲಿ ಒಬ್ಬರಿಗಾದರೂ ಅವಳ ಮುಖ ನೆನಪಿತ್ತೋ, ದೇವರೇ ಬಲ್ಲ.

ಮನೆಯಲ್ಲಿ ಅವಳು ಅಕ್ಕ. ಹಾಗೆ ಕರೆಯಲು ಇದ್ದದ್ದು ಒಬ್ಬಳೇ ತಂಗಿ. ಅವಳೂ ಮಾತು ಬಿಟ್ಟು ಎರಡು ವರ್ಷದ ಮೇಲಾಗಿತ್ತು. ಕರೆಯುವವರು ಸುಮ್ಮನಾದರು ಅಂತ ಸಂಬಂಧ ಅಳಿಸಿಹೋಗುತ್ತದೆಯೇ? ನಮಗೆ ಅವಳು ಅಕ್ಕನೇ ಇರಲಿ.

ಅವಳ ಕೆಲಸ ಇಷ್ಟೇ. ಕಿವಿಯ ಒಳಗೆ, ಕೇಳುವ ಭಾಗದ ಪಕ್ಕದಲ್ಲೇ, ತಲೆ ಎತ್ತ ತಿರುಗಿತು ಅಂತ ಗಮನ ಇಡುವ ಭಾಗ ಒಂದಿದೆ. ತಲೆ ಬಲಕ್ಕೆ ತಿರುಗಿತೋ, ಅದು ಕಣ್ಣಿಗೆ ಸುದ್ದಿ ಮುಟ್ಟಿಸುತ್ತದೆ. ಕಣ್ಣು ಅಷ್ಟೇ ಎಡಕ್ಕೆ ಸರಿಯುತ್ತದೆ. ನಾವು ನಡೆಯುವಾಗ, ಮೆಟ್ಟಿಲು ಇಳಿಯುವಾಗ, ಊಹೂಂ ಅಂತ ತಲೆಯಾಡಿಸುವಾಗ ಎದುರಿನ ಲೋಕ ಕುಣಿಯದೆ ತೆಪ್ಪಗೆ ನಿಂತಿರುವುದು ಇದರಿಂದಲೇ. ಕಿವಿ ಸೋತರೆ ಕಣ್ಣು ತಲೆಯ ಜೊತೆಗೇ ಜಾರಿಹೋಗುತ್ತದೆ. ಆಮೇಲೆ ಎಚ್ಚೆತ್ತು ಪಟಕ್ಕನೆ ಮೂಗಿಗೆ ವಾಪಸು ಹಾರುತ್ತದೆ. ಅಕ್ಕ ತಲೆಯನ್ನು ಫಕ್ಕನೆ ಒಂದಿಷ್ಟೇ ತಿರುಗಿಸಿ ಆ ಹಾರುವಿಕೆಯನ್ನು ಹಿಡಿಯುತ್ತಿದ್ದಳು. ಜೊತೆಗೆ ರೋಗಿಯ ಕಣ್ಣಿಗೆ ಕ್ಯಾಮರಾ ಇರುವ ಕನ್ನಡಕ ಹಾಕಿ, ಕಣ್ಣು ಎಷ್ಟು ಸರಿಯಿತು ಅಂತ ಮೆಷಿನ್ನಿನಲ್ಲಿ ಅಳೆಯುತ್ತಿದ್ದರು. ಎರಡಕ್ಕೂ ತಾಳೆಯಾಗದಿದ್ದರೆ ಮೆಷಿನ್ನಿನ ಮಾತೇ ಕೊನೆ.

ಆ ಮೆಷಿನ್ನು ಅಂಗಡಿಯಲ್ಲಿ ಸಿಗುವಂಥದ್ದಲ್ಲ. ಲ್ಯಾಬು ನಡೆಸುವ ದೊಡ್ಡ ಡಾಕ್ಟರೇ ಸಂಶೋಧನೆಗಾಗಿ ನಿಂತು ಮಾಡಿಸಿದ್ದು. ಮಾಡಿಸಿದ್ದು ಅಂದಮೇಲೆ ಅದಕ್ಕೂ ಒಂದು ಹಟ ಇದ್ದೇ ಇರುತ್ತದೆ; ಇವತ್ತು ತೋರಿಸಿದ ಅಂಕಿ ನಾಳೆ ಇಲ್ಲ. ಅದಕ್ಕೇ ಮೊದಲ ವರ್ಷವೇ ಒಂದು ಪದ್ಧತಿ ಮಾಡಿಕೊಂಡಿದ್ದರು. ಬೆಳಗ್ಗೆ ರೋಗಿಗಳು ಬರುವ ಮೊದಲು ಕಿವಿ ಗಟ್ಟಿಯಿರುವ ಒಬ್ಬರನ್ನು ಕೂರಿಸಿ ಅಳೆಯಬೇಕು. ಮೆಷಿನ್ನು ಕಡಿಮೆ ತೋರಿಸಿದರೆ ತಿರುಪು ತಿರುಗಿಸಿ ಸರಿಗೆ ತರಬೇಕು. ಆ ಗಟ್ಟಿ ಮನುಷ್ಯಳು ಅಕ್ಕ. ಬೆಳಗ್ಗೆ ಎಲ್ಲರಿಗಿಂತ ಮೊದಲು ಬರುತ್ತಿದ್ದವಳು ಅವಳೇ ತಾನೇ. ಮೆಷಿನ್ನು ನೋಡಿಕೊಳ್ಳುವ ಎಂಜಿನಿಯರು ಹಿಂದೆ ನಿಂತು ಅವಳ ತಲೆಯನ್ನು ಎಡಕ್ಕೆ ಬಲಕ್ಕೆ ತಿರುಗಿಸುತ್ತಿದ್ದ. ಅವನ ನೋಟ ಪರದೆಯ ಮೇಲೆ, ಅವಳ ನೋಟ ಎದುರಿನ ಗೋಡೆಯ ಚುಕ್ಕೆಯ ಮೇಲೆ. "ಈ ಮೆಷಿನ್ನು ಮತ್ತೆ ಕೆಳಗೆ ಇಳಿದಿದೆ ಮೇಡಂ" ಅನ್ನುವನು, ತಿರುಪು ತಿರುಗಿಸುವನು, ಆಗ ಅಂಕಿ ಸರಿಹೋಗುವುದು. ಇಡೀ ದಿನದಲ್ಲಿ ಇನ್ನೊಬ್ಬರ ಕೈ ಅವಳನ್ನು ಮುಟ್ಟುತ್ತಿದ್ದದ್ದು ಆಗ ಮಾತ್ರ. ಬೆಚ್ಚಗಿರುತ್ತಿತ್ತು. ಯಾರಿಗೂ ಹೇಳುವಂಥ ಮಾತಲ್ಲ ಇದು. ಆದರೆ ಭಾನುವಾರಗಳಲ್ಲಿ ಅವಳಿಗೆ ಆ ಕೈಯಿಲ್ಲದ್ದು ಗೊತ್ತಾಗುತ್ತಿತ್ತು.

ಅಕ್ಕನಿಗೆ ಅದರ ಹೆಮ್ಮೆಯೂ ಕಡಿಮೆಯದಲ್ಲ. "ಇಡೀ ಲ್ಯಾಬಿಗೆ ನನ್ನ ಕಣ್ಣೇ ಅಳತೆ" ಅಂತ ತಂಗಿಯ ಹತ್ತಿರ ಅದೆಷ್ಟು ಸಲ ಕೊಚ್ಚಿಕೊಂಡಿದ್ದಳೋ. ತಂಗಿ ನಗುತ್ತಿದ್ದಳು, ಹಾಗಾದರೆ ನನ್ನ ಪರದೆ ಬಟ್ಟೆಯನ್ನೂ ನಿನ್ನ ಕಣ್ಣಿನಲ್ಲೇ ಅಳೆಯಬಹುದಲ್ಲ, ಟೇಪು ಯಾಕೆ ಅನ್ನುತ್ತಿದ್ದಳು. ತಂಗಿ ಕಿಟಕಿ ಬಾಗಿಲುಗಳಿಗೆ ಪರದೆ ಹೊಲಿಯುವವಳು. ಗಂಡ ದೂರದ ಲಾರಿ ಓಡಿಸುವವನು, ಹೋದರೆ ವಾರಗಟ್ಟಲೆ ಪತ್ತೆಯಿಲ್ಲ. ಮಕ್ಕಳಿಲ್ಲ. ಅವಳಿದ್ದದ್ದು ಅಕ್ಕನ ಮನೆಯಿಂದ ಎರಡು ಬೀದಿ ಆಚೆ, ಮಹಡಿಯ ಮೇಲೆ.

ಜಗಳ ಹತ್ತಿದ್ದು ಸಣ್ಣದಕ್ಕೆ. ತಂಗಿ ಶಾಲೆಯಲ್ಲಿ ಹೊಲಿಗೆ ಕಲಿಸುವ ಕೆಲಸ ಬಿಟ್ಟು ಸ್ವಂತಕ್ಕೆ ಪರದೆ ಹೊಲಿಯುತ್ತೇನೆ ಅಂದಾಗ ಅಕ್ಕ, ಹಿಡಿದದ್ದನ್ನೆಲ್ಲ ಅರ್ಧಕ್ಕೆ ಕೈಬಿಡುವುದೇ ನಿನ್ನ ಹಣೆಬರಹ ಅಂದುಬಿಟ್ಟಳು. ಅಂದದ್ದಾದರೂ ಎಲ್ಲಿ? ತಂಗಿಯ ಮನೆಗೆ ಮೊದಲ ಸಲ ಬಟ್ಟೆ ತಂದಿದ್ದ ಗಿರಾಕಿಯ ಎದುರಿಗೆ. ಆಮೇಲೆ ತಂಗಿ ಬರುವುದು ಬಿಟ್ಟಳು. ದೊಡ್ಡವಳು ನಾನು, ಅವಳೇ ಬರಲಿ ಅಂತ ಅಕ್ಕ ಬಿಗಿದುಕೊಂಡು ಕೂತಳು.

ಅಷ್ಟರಲ್ಲಿ ಒಂದು ಸಂಜೆ ತಂಗಿಯ ಫೋನು ಬಂತು. ಅಕ್ಕನಿಗೆ ಜೀವ ಬಂದಂತಾಯಿತು. ಆದರೆ ತಂಗಿಯ ದನಿ ನಡುಗುತ್ತಿತ್ತು. ಈಗ ತಾನೆ ಬೀದಿಯಲ್ಲಿ ನಿನ್ನ ಎದುರಿಗೆ ಬಂದೆ, ನಕ್ಕೆ, ಕೈ ಎತ್ತಿದೆ, ನೀನು ಕಣ್ಣಲ್ಲಿ ಕಣ್ಣಿಟ್ಟು ನೋಡಿ ಕಲ್ಲಿನ ಹಾಗೆ ಹೊರಟುಹೋದೆಯಲ್ಲ, ಅಷ್ಟೊಂದು ಕೇಡು ಏನು ಮಾಡಿದ್ದೆ ನಿನಗೆ ಅಂತ ಕೇಳಿದಳು. ಅಕ್ಕ ಕಕ್ಕಾಬಿಕ್ಕಿಯಾದಳು. ಬೀದಿಯಲ್ಲಿ ಅವಳು ತಂಗಿಯನ್ನು ಕಂಡೇ ಇರಲಿಲ್ಲ. ಕಾಣಲಿಲ್ಲ ಅಂದಳು. ಮುಖಕ್ಕೆ ಮುಖ ತಾಗುವಷ್ಟು ಹತ್ತಿರ ಇದ್ದೆ, ಕಾಣಲಿಲ್ಲವಂತೆ ಅಂತ ತಂಗಿ ಅಂದಾಗ ಅಕ್ಕನಿಗೆ ರೇಗಿತು. ಬಂದ ಮಾತನ್ನು ನುಂಗುವುದು ಅವಳಿಗೆ ಯಾವತ್ತೂ ಗೊತ್ತಿರಲಿಲ್ಲ.

"ನನ್ನ ಕಣ್ಣಿಗೇನೂ ಆಗಿಲ್ಲ. ಇವತ್ತು ಬೆಳಗ್ಗೆನೂ ಅಳೆದಿದ್ದಾರೆ. ನೀನು ಎದುರಿಗೆ ಬಂದಿದ್ರೆ ಕಾಣಿಸ್ತಿದ್ದೆ. ಜಗಳ ಬೇಕು ಅಂತ ಹೀಗೆ ಸುಳ್ಳು ಕಟ್ಟಬೇಡ."

ಹೇಳಿ ಫೋನು ಇಟ್ಟುಬಿಟ್ಟಳು. ಮತ್ತೆ ಅದು ರಿಂಗಾಗಲಿಲ್ಲ. ಅಂದಿನಿಂದ ಅಕ್ಕನ ಅಡುಗೆಮನೆಯಲ್ಲಿ ಒಂದೇ ತಟ್ಟೆ ತೊಳೆಯುವುದು, ಒಂದೇ ಲೋಟ ಕವುಚಿಡುವುದು. ಸಂಜೆ ಬಾಗಿಲ ಬೀಗ ತೆಗೆದರೆ ಬೆಳಗ್ಗೆ ಎಲ್ಲಿ ಏನು ಇಟ್ಟಿದ್ದಳೋ ಅಲ್ಲೇ ಅದು ಇರುತ್ತಿತ್ತು. ಅದಕ್ಕಿಂತ ಬೇಸರದ ಸಂಗತಿ ಇನ್ನೊಂದಿಲ್ಲ. ಯಾರಾದರೂ ಬಂದು ಚಪ್ಪಲಿಯನ್ನಾದರೂ ಅತ್ತಿತ್ತ ತಳ್ಳಿ ಹೋಗಿದ್ದರೆ ಅನ್ನಿಸುವುದು. ತಪ್ಪು ಯಾರದು ಅಂತ ಅವಳಿಗೆ ಅನುಮಾನವೇ ಇರಲಿಲ್ಲ ಅನ್ನಿ. ತಂಗಿ ಸುಳ್ಳು ಹೇಳಿದ್ದಳು, ಅಕ್ಕ ಕಾಯುತ್ತಿದ್ದಳು.

ಹೀಗಿರುವಾಗ ಲ್ಯಾಬಿಗೆ ಹೊಸ ಡಾಕ್ಟರ್ ಒಬ್ಬಳು ಬಂದಳು. ಚಿಕ್ಕ ವಯಸ್ಸು, ಮಾತು ಜಾಸ್ತಿ. ಬೇರೆ ಕಡೆ ಮೆಷಿನ್ನಿಲ್ಲದೆ ಬರೀ ಕೈಯಲ್ಲಿ ಪರೀಕ್ಷೆ ಮಾಡಿ ಅಭ್ಯಾಸವಂತೆ. ಆ ಕೈಚಳಕ ತಪ್ಪಿಹೋಗಬಾರದು ಅಂತ ಕಂಡಕಂಡವರ ತಲೆ ತಿರುಗಿಸುತ್ತಿದ್ದಳು. ಕಸ ಗುಡಿಸುವವರದ್ದಾಯಿತು, ಎಂಜಿನಿಯರದ್ದಾಯಿತು. ಒಂದು ಮಧ್ಯಾಹ್ನ ಊಟದ ಡಬ್ಬಿ ಮುಚ್ಚುತ್ತಿದ್ದ ಅಕ್ಕನ ಎದುರಿಗೆ ಬಂದು ನಿಂತು, ಊರೆಲ್ಲ ನಿಮ್ಮ ಮೂಗು ನೋಡಿದ್ದು ಸಾಕು, ಇವತ್ತು ನೀವು ನನ್ನ ಮೂಗು ನೋಡಿ ಮೇಡಂ ಅಂದಳು. ಅಕ್ಕ ನಗುತ್ತಾ ತಲೆ ಒಪ್ಪಿಸಿದಳು.

ಡಾಕ್ಟರು ತಲೆಯನ್ನು ಬಲಕ್ಕೆ ಕುಲುಕಿದಳು. ಮತ್ತೆ ಬಲಕ್ಕೆ. ಎಡಕ್ಕೆ. ಮತ್ತೆ ಎಡಕ್ಕೆ. ಅವಳ ಮಾತು ನಿಂತಿತು. ಅಕ್ಕನಿಗೆ ತನ್ನ ಕಣ್ಣು ತನಗೆ ಕಾಣುವುದಿಲ್ಲ, ನಿಜ. ಆದರೆ ಎದುರಿನ ಮುಖ ಕಾಣುತ್ತಿತ್ತು. ಕೆಟ್ಟ ಸುದ್ದಿ ಕಂಡಾಗ ರೋಗಿಗೆ ಗೊತ್ತಾಗದ ಹಾಗೆ ತುಟಿಯ ಮೇಲೆ ನಗು ಹಾಗೇ ಉಳಿಸಿಕೊಂಡು ಕಣ್ಣು ಮಾತ್ರ ಗಂಭೀರವಾಗುವ ಮುಖ ಅದು. ಅಕ್ಕ ಸ್ವತಃ ಆ ಮುಖವನ್ನು ಸಾವಿರ ಸಲ ಮಾಡಿದ್ದಳು.

"ಎರಡೂ ಕಡೆನಾ?" ಅಂತ ಕೇಳಿದಳು.

"ಎರಡೂ ಕಡೆ" ಅಂದಳು ಡಾಕ್ಟರು. "ಕಣ್ಣು ಚೆನ್ನಾಗೇ ಜಾರ್ತಿದೆ ಮೇಡಂ. ನಿಮಗೆ ಗೊತ್ತಿರಲಿಲ್ವಾ?"

ಹೇಗೆ ಗೊತ್ತಾಗಬೇಕು? ಒಂದು ಕಿವಿ ಕೆಟ್ಟರೆ ಲೋಕ ಗಿರ್ರನೆ ತಿರುಗಿ ಮನುಷ್ಯನನ್ನು ನೆಲಕ್ಕೆ ಕೆಡವುತ್ತದೆ. ಯಾರು ಬೇಕಾದರೂ ಡಾಕ್ಟರ ಬಳಿ ಓಡುತ್ತಾರೆ. ಎರಡೂ ಒಟ್ಟಿಗೆ, ಸಮಸಮವಾಗಿ, ನಿಧಾನಕ್ಕೆ ಮಂಕಾದರೆ ಸುತ್ತುವುದೇ ಇಲ್ಲ. ಕತ್ತಲಲ್ಲಿ ಒಂದಿಷ್ಟು ತೂಗಾಡುವುದು, ಮೆಟ್ಟಿಲ ಹತ್ತಿರ ಗೋಡೆಗೆ ಕೈ ಹೋಗುವುದು, ನಡೆಯುವಾಗ ಎದುರಿನದ್ದು ಕಲಕಿದ ಹಾಗೆ ಕಾಣುವುದು. ಅಕ್ಕ ಅದಕ್ಕೆಲ್ಲ ವಯಸ್ಸಿನ ಹೆಸರು ಕೊಟ್ಟಿದ್ದಳು, ಎರಡು ಸಲ ಕನ್ನಡಕ ಬದಲಿಸಿದ್ದಳು. ಅನುಮಾನ ಪಡಲು ಕಾರಣವೇ ಇರಲಿಲ್ಲವಲ್ಲ, ದಿನಾ ಬೆಳಗ್ಗೆ ಮೆಷಿನ್ನು ನೀನು ಸರಿಯಿದ್ದೀಯ ಅನ್ನುತ್ತಿತ್ತು. ಅವಳ ಕಣ್ಣು ಒಂದು ಕೂದಲೆಳೆ ಇಳಿದರೆ ಇವರು ಮೆಷಿನ್ನನ್ನು ಒಂದು ಕೂದಲೆಳೆ ಏರಿಸುತ್ತಿದ್ದರು. ಅವಳನ್ನು ಸರಿಯೆಂದು ತೋರಿಸಲು ಅದನ್ನು ವರ್ಷಗಟ್ಟಲೆ ತಪ್ಪು ಮಾಡುತ್ತಾ ಬಂದಿದ್ದರು. ಎಂಥ ಬುದ್ಧಿವಂತರು ಸೇರಿ ಮಾಡಿದ ಎಂಥ ದಡ್ಡತನ!

ಡಾಕ್ಟರು ಅವಳನ್ನು ಬೆಂಚಿನ ಮೇಲೆ ಕೂರಿಸಿ, ಎಲ್ಲರಿಗೂ ಕೇಳುವ ಪ್ರಶ್ನೆಗಳನ್ನೇ ಕೇಳತೊಡಗಿದಳು. ಹಾಸಿಗೆಯಿಂದ ಏಳುವಾಗ ಹೇಗೆ, ಕತ್ತಲಲ್ಲಿ ಹೇಗೆ. ಅಕ್ಕನಿಗೆ ಮುಂದಿನ ಪ್ರಶ್ನೆ ಏನು ಅಂತ ಬಾಯಿಪಾಠ. ನಡೆಯುವಾಗ ಎದುರಿಗೆ ಬಂದವರ ಮುಖ ಗುರುತಾಗುತ್ತದೆಯೇ ಅನ್ನುವುದು ಅದು. ಆಗುವುದಿಲ್ಲ ಅಂದವರಿಗೆ, ಜನ ನಿಮ್ಮನ್ನು ಜಂಬದವರು ಅಂದುಕೊಳ್ಳುತ್ತಾರೆ, ಮನೆಯವರಿಗೆ ಹೇಳಿಟ್ಟಿರಿ ಅಂತ ಅಕ್ಕನೇ ಸಮಾಧಾನ ಹೇಳುತ್ತಿದ್ದಳು. ಡಾಕ್ಟರು ಆ ಪ್ರಶ್ನೆ ಕೇಳಿದಳೋ ಇಲ್ಲವೋ, ಅಕ್ಕ ಧಡಕ್ಕನೆ ಎದ್ದಳು. ಓಣಿಯಂಥ ಮೊಗಸಾಲೆಯ ಕೊನೆಗೆ ಹೋಗಿ ಅಲ್ಲಿಂದ ಲ್ಯಾಬಿನ ಬಾಗಿಲ ಕಡೆಗೆ ಬಿರಬಿರನೆ ನಡೆದಳು. ಬಾಗಿಲ ಮೇಲಿನ ಹೆಸರಿನ ಅಕ್ಷರಗಳು ಒಂದರ ಮೇಲೊಂದು ಹತ್ತಿ ಕಲಸಿಹೋದವು. ನಿಂತಳು, ಅಕ್ಷರಗಳೂ ನಿಂತವು. ಮತ್ತೆ ನಡೆದಳು. ಮತ್ತೆ ಕಲಸಿದವು. ಹಾಗಾದರೆ ಆವತ್ತು ಬೀದಿಯಲ್ಲಿ ತಂಗಿ ಎದುರಿಗೆ ಬಂದಿದ್ದಳು, ನಕ್ಕಿದ್ದಳು, ಕೈ ಎತ್ತಿದ್ದಳು.

ಮುಂದಿನ ದಿನಗಳು ಗಡಿಬಿಡಿಯಲ್ಲಿ ಹೋದವು. ದೊಡ್ಡ ಡಾಕ್ಟರು ಸಂಶೋಧನೆ ನಿಲ್ಲಿಸಿದರು. ತಪ್ಪು ನಿಮ್ಮದಲ್ಲ, ನಮ್ಮೆಲ್ಲರದ್ದು ಅಂತ ಅಕ್ಕನಿಗೆ ಒಳ್ಳೆಯ ಮಾತಿನಲ್ಲೇ ಹೇಳಿದರು. ಬೆಳಗ್ಗೆ ಅಳತೆಗೆ ಇನ್ನು ಬೇರೆ ಬೇರೆಯವರನ್ನು ಸರದಿಯ ಮೇಲೆ ಕೂರಿಸುವುದು ಅಂತಾಯಿತು. ಅದೇ ಸರಿ, ಮೊದಲೇ ಹಾಗೆ ಮಾಡಬೇಕಿತ್ತು. ಆದರೂ ಆ ಕುರ್ಚಿಯಲ್ಲಿ ಬೇರೆ ಯಾರೋ ಕೂತದ್ದು ನೋಡಿ ಅಕ್ಕನಿಗೆ ಕಣ್ಣು ತುಂಬಿ ಬಂತು. ಇನ್ನು ಬೇರೆ ದಿನಗಳೂ ಭಾನುವಾರಗಳೇ.

ಕೆಟ್ಟ ಅಳತೆಯಿಂದ ಎಷ್ಟು ಮಂದಿಗೆ ನಿಮಗೇನೂ ಇಲ್ಲ ಅಂತ ಹೇಳಿ ಕಳಿಸಿದ್ದರೋ, ಅವರನ್ನೆಲ್ಲ ಮತ್ತೆ ಕರೆಸಬೇಕಿತ್ತು. ಫೋನು ಮಾಡುವ ಕೆಲಸವನ್ನು ಅಕ್ಕ ತಾನೇ ಕೇಳಿ ತೆಗೆದುಕೊಂಡಳು. ಕೆಲವರು ಬೈದರು. ಬೈಯದೆ ಮತ್ತೇನು ಮಾಡುತ್ತಾರೆ? ಕೆಲವರು ಬರುತ್ತೇವೆ ಅಂದರು. ಒಬ್ಬ ಅಂಚೆಯವನಿದ್ದ. ತೂರಾಡುತ್ತಾನೆ ಅಂತ ಕೆಲಸ ಬಿಡಿಸಿದ್ದರು. ಕುಡಿದು ಬರುತ್ತಾನೆ ಅಂತ ಮನೆಯಲ್ಲೂ ಮಾತಾಗಿತ್ತು. ಲ್ಯಾಬಿಗೆ ಬಂದು ಏನೂ ಇಲ್ಲ ಅನ್ನಿಸಿಕೊಂಡು ಹೋದಮೇಲೆ ಆ ಮಾತು ಇನ್ನೂ ಗಟ್ಟಿಯಾಗಿತ್ತು. ಅಕ್ಕ ನಡೆದದ್ದನ್ನೆಲ್ಲ ಹೇಳಿದಳು. ಅವನು ಮೆಲ್ಲಗೆ ಅಂದ:

"ನಾನು ಸುಳ್ಳು ಹೇಳ್ತಿರಲಿಲ್ಲ ಅಂತ ನನ್ನ ಹೆಂಡತಿಗೆ ಒಂದು ಮಾತು ಹೇಳ್ತೀರಾ? ಇಲ್ಲೇ ಇದ್ದಾಳೆ, ಕೊಡ್ತೀನಿ."

ಅಕ್ಕ ಹೇಳಿದಳು. ಫೋನು ಇಟ್ಟಮೇಲೆ ಅಕ್ಕನಿಗೆ ಇನ್ನೊಂದು ನಂಬರು ಒತ್ತಲು ಕೈ ಬರಲಿಲ್ಲ. ಯಾರ್ಯಾರಿಗೋ ಫೋನು ಮಾಡಿ ನೀವು ಸುಳ್ಳು ಹೇಳಿರಲಿಲ್ಲ ಅನ್ನುತ್ತಿದ್ದಾಳೆ, ಆ ಮಾತು ಕೇಳಬೇಕಾದವಳು ತನ್ನ ಮನೆಯಿಂದ ಎರಡು ಬೀದಿ ಆಚೆ ಕೂತಿದ್ದಾಳೆ. ಬ್ಯಾಗು ಎತ್ತಿಕೊಂಡು ಹೊರಟಳು.

ದಾರಿಯುದ್ದಕ್ಕೂ ಮಾತು ಹೊಂದಿಸಿಕೊಂಡಳು. ಕಿವಿಯಿಂದ ಶುರು ಮಾಡುವುದೋ, ಮೆಷಿನ್ನಿನಿಂದಲೋ? ಹೇಗೆ ಹೇಳಿದರೂ ತಂಗಿ ಅಯ್ಯೋ ಅನ್ನುತ್ತಾಳೆ, ಅಷ್ಟು ಗಟ್ಟಿ ಕಾರಣ ಸಿಕ್ಕಿದೆ ಈಗ. ಹೇಳಿಕೊಳ್ಳಲು ನಾಚಿಕೆಯಾಗಬೇಕು, ತನಗೆ ಕಾಯಿಲೆ ಬಂದದ್ದು ಒಂದು ಲೆಕ್ಕಕ್ಕೆ ಒಳ್ಳೆಯದೇ ಆಯಿತು ಅಂತಲೂ ಅವಳಿಗೆ ಅನ್ನಿಸಿತು. ಎದುರಿಗೆ ಬರುವವರ ಮುಖಗಳೆಲ್ಲ ನೀರಿನಲ್ಲಿ ಕಂಡಂತೆ ಅಲುಗುತ್ತಿದ್ದವು. ಎಲ್ಲಾದರೂ ಇವಳೇ ಅವಳಾಗಿದ್ದರೆ ಅಂತ ಹೆಂಗಸರು ಎದುರಾದಾಗಲೆಲ್ಲ ನಿಂತಳು. ಅವರು ಇವಳನ್ನು ವಿಚಿತ್ರವಾಗಿ ನೋಡಿ ಹೋದರು.

ತಂಗಿ ಬಾಗಿಲು ತೆರೆದಳು. ಸೊರಗಿದ್ದಳು, ಕಿವಿಯ ಪಕ್ಕ ಕೂದಲು ಬೆಳ್ಳಗಾಗಿತ್ತು. ಬಾ ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ಬಾಗಿಲು ತೆರೆದೇ ಬಿಟ್ಟು ಹೋಗಿ ಹೊಲಿಗೆ ಮೆಷಿನ್ನಿನ ಮುಂದೆ ಕೂತಳು. ಕೋಣೆಯ ತುಂಬ ಬಟ್ಟೆಯ ರಾಶಿ, ಹೊಲಿದು ಮಡಚಿಟ್ಟ ಪರದೆಗಳು. ಹಿಡಿದ ಕೆಲಸವನ್ನು ಅವಳು ಕೈಬಿಟ್ಟಿರಲಿಲ್ಲ. ಅಕ್ಕ ಸ್ಟೂಲಿನ ಮೇಲಿದ್ದ ತುಂಡುಗಳನ್ನು ಸರಿಸಿ ಕೂತು ಶುರು ಮಾಡಿದಳು. ಕಿವಿ, ಕಣ್ಣು, ತಿರುಪು, ಹೊಸ ಡಾಕ್ಟರು, ಯಾವುದನ್ನೂ ಬಿಡಲಿಲ್ಲ. ತಂಗಿ ತಲೆ ಎತ್ತದೆ ಅಂಚು ಹೊಲಿಯುತ್ತಲೇ ಇದ್ದಳು. ನೀನು ಸುಳ್ಳು ಹೇಳಿರಲಿಲ್ಲ, ನನಗೇ ಕಾಣಿಸಲಿಲ್ಲ ಕಣೇ ಅಂತ ಅಕ್ಕ ಕೊನೆಗೆ ಅಂದಾಗ ಮೆಷಿನ್ನು ನಿಂತಿತು.

"ಬೀದೀಲಿ ಕಾಣಿಸಲಿಲ್ಲ. ಸರಿ, ನಂಬ್ತೀನಿ" ಅಂದಳು ತಂಗಿ. "ಫೋನಲ್ಲಿ ನನ್ನನ್ನ ಸುಳ್ಳಿ ಅಂದಾಗ ನೀನು ನಡೀತಿರಲಿಲ್ಲವಲ್ಲ. ಕೂತಿದ್ದೆ. ಅದಕ್ಕೆ ಯಾವ ಕಾಯಿಲೆ?"

ಅಕ್ಕ ಸರಿಸಿಟ್ಟಿದ್ದ ಬಟ್ಟೆಯ ತುಂಡೊಂದನ್ನು ಎತ್ತಿಕೊಂಡು ಮಡಚತೊಡಗಿದಳು. ತಂಗಿ ಅವಳತ್ತ ತಿರುಗಿದಳು.

"ಆವತ್ತು ಎಲ್ಲಿಗೆ ಹೊರಟಿದ್ದೆ ಅಂತಾನೂ ಕೇಳಲಿಲ್ಲ ನೀನು. ನಿನ್ನ ಮನೆಗೇ ಬರ್ತಿದ್ದೆ."

ಉಳಿದದ್ದನ್ನು ತಂಗಿ ಸಿಟ್ಟಿಲ್ಲದೆ, ಇನ್ನಾರದೋ ಸುದ್ದಿಯ ಹಾಗೆ ಹೇಳಿದಳು. ಹೊಟ್ಟೆಯಲ್ಲಿ ಗಡ್ಡೆ ಇತ್ತು. ಮಾರನೆಯ ದಿನ ಆಪರೇಷನ್. ಗಂಡನ ಲಾರಿ ಎಲ್ಲೋ ದೂರದಲ್ಲಿ ಕೆಟ್ಟು ನಿಂತಿತ್ತು. ಹೆದರಿಕೆಯಾಗಿ, ಜಗಳವನ್ನೆಲ್ಲ ನುಂಗಿ, ಜೊತೆಗೆ ಬಾ ಅಂತ ಕೇಳಲು ಹೊರಟಿದ್ದಳು. ಆಸ್ಪತ್ರೆಯ ದಾರಿ, ಡಾಕ್ಟರುಗಳ ಮಾತು ಅಕ್ಕನಿಗೆ ತಿಳಿಯುತ್ತದೆ, ಅವಳಿದ್ದರೆ ಸಾಕು ಅಂದುಕೊಂಡಿದ್ದಳು. ಆಮೇಲೆ ಕೆಳಗಿನ ಮನೆಯವರನ್ನು ಕರೆದುಕೊಂಡು ಹೋದಳು. ಗಡ್ಡೆ ಕೆಟ್ಟದ್ದಾಗಿರಲಿಲ್ಲ, ಪುಣ್ಯ. ಆದರೆ ಅದು ಗೊತ್ತಾಗಿದ್ದು ಹತ್ತು ದಿನದ ಮೇಲೆ.

"ಒಡಹುಟ್ಟಿದವರು ಯಾರೂ ಇಲ್ವಾ ಅಂತ ನರ್ಸು ಕೇಳಿದ್ರು. ಇಲ್ಲ ಅಂದೆ."

ಹೊರಗೆ ಯಾರೋ ಮೆಟ್ಟಿಲು ಇಳಿದು ಹೋದರು. ಅಕ್ಕನಿಗೆ ಅಳು ಬಂತು, ಮಾತೂ ಬಂತು. ಗೊತ್ತಿದ್ದರೆ ಬರುತ್ತಿರಲಿಲ್ಲವೇ, ಒಂದು ಮಾತು ಹೇಳಬಾರದಿತ್ತೇ, ಫೋನಿನಲ್ಲೇ ಅನ್ನಬಹುದಿತ್ತಲ್ಲ. ಎಲ್ಲವೂ ತನ್ನನ್ನು ಉಳಿಸಿಕೊಳ್ಳುವ ಮಾತುಗಳೇ. ಹೇಳುತ್ತಿದ್ದಳು ಅವಳು, ಫೋನು ಇಟ್ಟದ್ದು ಯಾರು? ಜೀವನದಲ್ಲಿ ಮೊದಲ ಸಲ ಅಕ್ಕ ಬಂದ ಮಾತನ್ನು ನುಂಗಿದಳು. ಮೂಗು ಒರೆಸಿಕೊಂಡಳು.

"ಆಪರೇಷನ್ ದಿನ ಏನೇನಾಯ್ತು, ಹೇಳು" ಅಂದಳು.

"ಈಗ ಕೇಳಿ ಏನು ಮಾಡ್ತೀಯ?"

"ಏನೂ ಮಾಡೋಕಾಗಲ್ಲ. ಆದ್ರೂ ಹೇಳು. ಬೆಳಗ್ಗೆಯಿಂದ ಹೇಳು."

ತಂಗಿ ದಾರ ಕತ್ತರಿಸಿದಳು. ಹೊಲಿದ ಪರದೆಯನ್ನು ಕೊಡವಿ, ಉದ್ದಕ್ಕೆ ಮಡಚಿ, ಅಗಲಕ್ಕೆ ಮಡಚಿ, ರಾಶಿಯ ಮೇಲಿಟ್ಟಳು. ಇನ್ನೊಂದು ಬಟ್ಟೆ ಕೈಗೆ ತೆಗೆದುಕೊಂಡಳು, ಹೊಲಿಯಲಿಲ್ಲ. ಇನ್ನು ಎದ್ದು ಹೋಗು ಅನ್ನುತ್ತಾಳೆ ಅಂತ ಅಕ್ಕನಿಗೆ ಅನ್ನಿಸಿತು. ಅಂದರೆ ಹೋಗುವುದೇ ಸರಿ ಅಂತಲೂ ಅನ್ನಿಸಿತು.

ಕೆಳಗಿನ ಮನೆಯವರು ಆವತ್ತು ಏಳುವುದನ್ನೇ ತಡ ಮಾಡಿದ್ದರು ಅಂತ ತಂಗಿ ಶುರು ಮಾಡಿದಳು. ಬಾಗಿಲು ಬಡಿದು ಬಡಿದು ಎಬ್ಬಿಸಿದಳಂತೆ. ಆಟೋದವನು ತಪ್ಪು ಗೇಟಿನ ಹತ್ತಿರ ಇಳಿಸಿದನಂತೆ. ಬಳೆ ಬಿಚ್ಚಿ ಕೊಡಿ ಅಂದರಂತೆ. ಒಂದು ಬಿಗಿಯಾಗಿ ಕೂತಿತ್ತು, ಸೋಪು ಹಚ್ಚಿದರೂ ಬರಲಿಲ್ಲ, ಮುರಿದು ತೆಗೆದರು. ಹಸಿರು ಗೌನು ಹಾಕಿದಮೇಲೆ ಚಳಿ ಹತ್ತಿತು, ಹೊದಿಕೆ ಕೇಳಲು ನಾಚಿಕೆಯಾಯಿತು. ಕೆಳಗಿನ ಮನೆಯವರು ಪಾಪ, ಮಗುವನ್ನು ಶಾಲೆಯಿಂದ ಕರೆತರಬೇಕು ಅಂತ ಹೊರಟುಹೋದರು. ಮಲಗಿಸಿದ ಗಾಡಿಯನ್ನು ತಳ್ಳಿಕೊಂಡು ಹೋಗುವಾಗ ಮೇಲಿನ ದೀಪಗಳನ್ನೇ ನೋಡುತ್ತಿದ್ದಳಂತೆ. ಆಪರೇಷನ್ ಕೋಣೆಯ ಬಾಗಿಲ ತನಕ ಬಂದು ತಂಗಿಯ ದನಿ ನಿಂತುಹೋಯಿತು. ಅವಳು ಬಟ್ಟೆಯಲ್ಲಿ ಮುಖ ಮುಚ್ಚಿಕೊಂಡಳು. ಅಕ್ಕ ಹತ್ತಿರ ಹೋಗಲಿಲ್ಲ. ಕೈ ಮಡಿಲಲ್ಲಿಟ್ಟುಕೊಂಡು ಸ್ಟೂಲಿನ ಮೇಲೇ ಕೂತು, ಅವಳು ಆ ಬಾಗಿಲಿನಿಂದ ಹೊರಗೆ ಬರುವುದನ್ನು ಕಾದಳು.